ನಾಟಕ ಓದಲು ಹೊರಟ ತಂಗಿಗೆ

ಪ್ರೀತಿಯ ತಂಗೀ,

ನಾಟಕ ವಿಭಾಗದಲ್ಲಿ ಸೀಟು ಸಿಕ್ಕಿತಂತೆ, ತುಂಬಾ ಖುಷಿಯಾಯಿತು. "ನಾಟಕ ಓದಿ ಹೊಟ್ಟೆಪಾಡಿಗೆ ಏನು ಮಾಡ್ತೀಯ?" ಎಂದು ನಿಮ್ಮ ಅಪ್ಪಯ್ಯ ಕೇಳುತ್ತಿದ್ದಾರಲ್ಲ, ಅವರ ಹತ್ತಿರ ನಾನು ಮಾತಾಡುತ್ತೇನೆ. ಈಗ ನಿನ್ನ ಬರವಣಿಗೆಯ ವಿಷಯ.

ನೀನು ಕಳಿಸಿದ ನಾಟಕದಲ್ಲಿ ತೀರ್ಥಹಳ್ಳಿ ಕಡೆಯ ಮಾತು ಚೆನ್ನಾಗಿ ಬಂದಿದೆ. ಆದರೆ ಮಾತು ಜಾಸ್ತಿ. ಎರಡನೇ ದೃಶ್ಯ ನೋಡು. ತಾಯಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ತೋಟ ಮಾರೋಣ ಅಂತಾನೆ ಮಗ. ಅವಳು ಅರ್ಧ ಪುಟ ಮಾತಾಡುತ್ತಾಳೆ: ಅಜ್ಜ ಹಾಕಿದ ತೋಟ, ಕೊಳೆರೋಗ ಬಂದ ವರ್ಷ, ಅಡವಿಟ್ಟ ಬಳೆ. ಅಷ್ಟನ್ನೂ ತೆಗೆದು ನೋಡು. ಮಗನ ಮಾತು ಮುಗಿದಾಗ ಅವಳ ಕೈ ನಿಲ್ಲಲಿ. ಆಮೇಲೆ ಇನ್ನೊಂದು ಅಡಿಕೆ ಎತ್ತಿಕೊಂಡು, ಮೊದಲಿಗಿಂತ ಬೇಗ ಬೇಗ ಸುಲಿಯಲಿ. "ಕೈಕಾಲು ತೊಳ್ಕೊಂಡು ಬಾ, ಊಟ ಮಾಡು." ಇಷ್ಟೇ ಸಾಕು. ಬಳೆಯ ವಿಷಯ ಬೇಕೇ ಬೇಕು ಅನಿಸಿದರೆ ಅವಳ ಬರಿಗೈ ಕಾಣಿಸಲಿ.

ತರಗತಿಯಲ್ಲಿ ನಾಟ್ಯಶಾಸ್ತ್ರದ ನಾಲ್ಕು ಅಭಿನಯ ಹೇಳಿಕೊಡುತ್ತಾರೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಸುಮ್ನೆ ಪರೀಕ್ಷೆಗೆ ಬಾಯಿಪಾಠ ಮಾಡಬೇಡ. ಬರೆಯುವವರ ಕೈಯಲ್ಲಿ ಮುಖ್ಯವಾಗಿ ಇರುವುದು ವಾಚಿಕ, ಅಂದರೆ ಮಾತು, ಒಂದೇ, ಅಲ್ವಾ? ಮೈಯ ಚಲನೆ, ಉಡುಗೆ ತೊಡುಗೆ, ಕಣ್ಣಲ್ಲಿ ತುಂಬುವ ನೀರು, ಇವನ್ನೆಲ್ಲ ಬೇರೆಯವರು ತರಬೇಕು. ಅವರಿಗೆ ಜಾಗ ಬಿಟ್ಟು ಬರಿ. ನಮ್ಮ ಯಕ್ಷಗಾನದ ಪ್ರಸಂಗಗಳಲ್ಲಿ ಕವಿ ಬರೆದದ್ದು ಪದ್ಯ. ಭಾಗವತರು ಅದನ್ನು ಹಾಡುತ್ತಾರೆ, ವೇಷಧಾರಿ ಅದರ ಅರ್ಥವನ್ನು, ಅಂದರೆ ತನ್ನ ಮಾತನ್ನು, ರಂಗದ ಮೇಲೇ ಕಟ್ಟುತ್ತಾನೆ. ಅದೇ ಪ್ರಸಂಗವನ್ನು ಜನ ಮತ್ತೆ ಮತ್ತೆ ರಾತ್ರಿಯಿಡೀ ಕೂತು ನೋಡುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ.

ತಾಲೀಮು ತಪ್ಪಿಸಬೇಡ. ಪಾತ್ರ ಸಿಗದಿದ್ದರೆ ಪ್ರಾಂಪ್ಟ್ ಮಾಡು, ಅಂದರೆ ಪಕ್ಕದಲ್ಲಿ ಕೂತು ನಟರಿಗೆ ಮರೆತ ಮಾತು ಹೇಳಿಕೊಡು. ನಟರು ಯಾವ ಸಾಲಿನಲ್ಲಿ ಪದೇ ಪದೇ ತಡವರಿಸುತ್ತಾರೆ ಅನ್ನುವುದು ಆ ಜಾಗದಲ್ಲಿ ಕೂತವರಿಗೆ ಬೇಗ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊ.

ರಜೆಗೆ ಬಂದಾಗ ಹೆಗ್ಗೋಡಿಗೆ ಹೋಗಿ ಬಾ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರುಮಾಡಿತು. ತಿರುಗಾಟದ ಒಂದೇ ನಾಟಕವನ್ನು ಎರಡು ಊರಲ್ಲಿ ನೋಡು. ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಅಂತ ಬರೆದಿಟ್ಟುಕೊ.

ಹೊರಡುವ ಮುಂಚೆ ಎರಡನೇ ದೃಶ್ಯ ತಿದ್ದಿ ಕಳಿಸು. ಮಗನ ಮಾತನ್ನೂ ಸ್ವಲ್ಪ ಕತ್ತರಿಸು, ತೋಟದ ರೇಟನ್ನು ಅವನು ಎರಡು ಸಲ ಹೇಳುತ್ತಾನೆ.

ಪ್ರೀತಿಯಿಂದ,
ಅಕ್ಕ