ಆ ಫ್ಲಾಸ್ಕ್ ಇನ್ನೂ ನನ್ನ ಬಳಿಯೇ ಇದೆ

ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವಳು ನಾನು. ಈಗ ಉಪಕಾರ ಸ್ಮರಿಸೋಣವೆಂದು ಕುಳಿತರೆ, ಸ್ಮರಿಸಬೇಕಾದ ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಕಾರವಾರದ ಕೋಡಿಬಾಗದ ಹತ್ತಿರ, ಕಾಳಿ ನದಿ ಸಮುದ್ರ ಸೇರುವಲ್ಲಿ ನಾವು ಗಾಳ ಹಾಕುವ ಹಳೆಯ ಧಕ್ಕೆಯ ಮೇಲೆ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. "ಏನಾದರೂ ಎಳೆಯಿತೇ?" ಎಂದು ಕೇಳುತ್ತಾರೆ. ಇಲ್ಲವೆಂದರೆ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಹೌದೆಂದರೆ, ಆಮಿಷಕ್ಕಿಟ್ಟದ್ದು ಶೆಟ್ಲಿಯೋ (ಸಿಗಡಿ), ಬಳಚು ಚಿಪ್ಪಿನ ಮಾಂಸವೋ ಎಂದು ವಿಚಾರಿಸಿಕೊಂಡು ಕುಳಿತುಕೊಳ್ಳುತ್ತಾರೆ. ನನಗೂ ಅಲ್ಲಿ ಹೆಸರಿಲ್ಲ. ನಾನು ಅಕ್ಕೋರು, ಅಷ್ಟೆ.

ಕಳೆದ ತಿಂಗಳು ನಿವೃತ್ತಿಯಾಯಿತು. ಶಾಲೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ಬಗ್ಗೆ ನನಗೇ ಗೊತ್ತಿರದ ಗುಣಗಳನ್ನೆಲ್ಲ ಹೇಳಿ ಕಳುಹಿಸಿದರು. ಅವರಿಗೆ ಅಲ್ಲಿಯೇ ಧನ್ಯವಾದ ಹೇಳಿದ್ದೇನೆ. ಮುಂದಿನ ವಾರ ಶಿರಸಿಗೆ ಮನೆ ಬದಲಿಸುವ ಮೊದಲು ಧಕ್ಕೆಯವರ ಬಾಕಿಯೊಂದು ಉಳಿದಿದೆ.

ಶಿರಸಿಯ ಹಳ್ಳಿಯಲ್ಲಿ ಬೆಳೆದ ನನಗೆ ಮೀನೆಂದರೆ ಕುಮಟೆಯ ಕಡೆಯಿಂದ ಘಟ್ಟ ಹತ್ತಿ ಬರುತ್ತಿದ್ದ ಬುಟ್ಟಿ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದರ ಕಣ್ಣು ಕೆಂಪಾಗಿರುತ್ತಿತ್ತು. ಗಾಳ ಹಾಕುವ ಹುಚ್ಚು ಹತ್ತಿದ್ದು ಮೂರು ವರ್ಷದ ಹಿಂದೆ. ಮಗ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ರಾಡು ಬಾಗಿಲ ಹಿಂದೆ ನಿಂತಿತ್ತು. ಕಸ ಗುಡಿಸುವಾಗಲೆಲ್ಲ ತಲೆಯ ಮೇಲೆ ಬೀಳುತ್ತಿತ್ತು. ಒಂದು ಭಾನುವಾರ ಸಿಟ್ಟಿನಲ್ಲೇ ಅದನ್ನು ಹೊತ್ತುಕೊಂಡು ಧಕ್ಕೆಗೆ ನಡೆದೆ. ಮೊದಲ ಬೀಸಿಗೇ ಗಾಳ ಹಿಂದೆ ಕುಳಿತಿದ್ದವರ ಕೊಡೆಗೆ ಸಿಕ್ಕಿಕೊಂಡಿತು. ಅವರು ನಿಧಾನವಾಗಿ ಬಿಡಿಸಿಕೊಟ್ಟು, "ಗಾಳ ಚೂಪಾಗಿದೆ ಅಕ್ಕೋರೇ, ನೀರು ಈ ಕಡೆ ಇದೆ" ಎಂದರು. ಕೊಡೆಯಲ್ಲಿ ಆ ತೂತು ಇವತ್ತಿಗೂ ಇದೆ.

ಗಂಟು ಕಟ್ಟಲು ಕಲಿಸಿದವನು ಮಾತ್ರ ಹೆಸರು ಗೊತ್ತಿರುವವನು. ಗಣಿತದಲ್ಲಿ ನನ್ನ ಕೈಯಲ್ಲೇ ಎರಡು ಸಲ ನಪಾಸಾದ ಹುಡುಗ, ಈಗ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. ಗಾಳದ ಕಣ್ಣಿನಲ್ಲಿ ತಂಗೂಸಿ ಎಂಬ ನೈಲಾನ್ ದಾರ ತೂರಿಸಿ, ಐದು ಸುತ್ತು ಹಾಕಿ, ತುದಿಯನ್ನು ಮೊದಲಿನ ಕುಣಿಕೆಯೊಳಗೆ ತಂದು, ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು. ಒಣ ತಂಗೂಸಿಯನ್ನು ಹಾಗೆಯೇ ಎಳೆದರೆ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ, ದೊಡ್ಡ ಮೀನು ಹಿಡಿದ ದಿನ ಅಲ್ಲಿಯೇ ಕಡಿಯುತ್ತದೆ. ನಾನು ನಾಲ್ಕೇ ಸುತ್ತು ಹಾಕಿದ್ದನ್ನು ಅವನು ದೂರದಿಂದಲೇ ಎಣಿಸಿದ್ದ. "ತಪ್ಪಾದರೆ ಹತ್ತು ಸಲ ಬರೆಸುತ್ತಿದ್ದಿರಲ್ಲ, ಹತ್ತು ಸಲ ಕಟ್ಟಿ" ಎಂದ. ಕಟ್ಟಿದೆ. ಎಣಿಕೆ ಬಾರದ ಹುಡುಗನೆಂದು ಅವನ ಅಪ್ಪನಿಗೆ ಹೇಳಿದ್ದು ಆಗ ನೆನಪಾಗಿ ಮುಖ ಎತ್ತಲಿಲ್ಲ.

ಇನ್ನೊಬ್ಬರು ತುದಿಯ ಕಂಬಕ್ಕೆ ಒರಗಿ ಕುಳಿತಿರುವ ಅಜ್ಜ. ರಾಡಿಲ್ಲ, ರೀಲಿಲ್ಲ, ಬಾಟಲಿಗೆ ಸುತ್ತಿದ ತಂಗೂಸಿ, ಸೀಸದ ಗುಂಡು, ಒಂದೇ ಬೆರಳು. ಉಬ್ಬರ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತದೆ ಎಂದು ನಾನು ಮಕ್ಕಳಿಗೆ ಪುಸ್ತಕ ನೋಡಿ ಹೇಳಿಕೊಟ್ಟವಳು. ಅಜ್ಜ "ದಿನಕ್ಕೆ ಎರಡು ಗಳಿಗೆ" ಎಂದರು. ಗಳಿಗೆಗೆ 24 ನಿಮಿಷ, ಎರಡಕ್ಕೆ 48. ಮನೆಗೆ ಹೋಗಿ ಕಾಗದದ ಮೇಲೆ ಗುಣಿಸಿ ನೋಡಿದ್ದನ್ನು ಅವರಿಗೆ ಇದುವರೆಗೆ ಹೇಳಿಲ್ಲ.

ಇವರೆಲ್ಲ ದೇವರೆಂದು ಬರೆಯುತ್ತಿಲ್ಲ. ತಪ್ಪಿಸಿಕೊಂಡ ಮೀನಿನ ಅಳತೆ ಹೇಳುವಾಗ ಇವರ ಎರಡೂ ಕೈ ಸಾಲುವುದಿಲ್ಲ. ಕಡಿದ ತಂಗೂಸಿಯನ್ನು ಅಲ್ಲಿಯೇ ಬಿಸಾಡುವವರೂ ಇದ್ದಾರೆ. ಅದು ಕಾಗೆಯ ಕಾಲಿಗೆ ಸುತ್ತಿಕೊಂಡದ್ದನ್ನು ನಾನೇ ಕತ್ತರಿಸಿ ಬಿಡಿಸಿದ್ದೇನೆ. ಆದರೆ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿದ್ದಾಗ, ಚಾಲಕನನ್ನು ಬದುಕಿಸಿ ದಡಕ್ಕೆ ತಂದವರಲ್ಲಿ ಮೀನುಗಾರರೂ ಇದ್ದರು. ಧಕ್ಕೆಯಲ್ಲಿ ಆ ಮಾತು ಬಂದರೆ ಯಾರೂ ದನಿ ಏರಿಸುವುದಿಲ್ಲ. ಆ ಹೊತ್ತಿನಲ್ಲಿ ನೀರಿನ ಸೆಳೆತ ಹೇಗಿದ್ದಿರಬೇಕು ಎಂಬಷ್ಟೇ ಚರ್ಚೆ.

ಈಗ ನನ್ನ ಕೈಯ ಕಥೆ. ಕಾರ್ತಿಕದ ಒಂದು ಸಂಜೆ, ಶಾಲೆ ಬಿಟ್ಟ ಮೇಲೆ. ಸಿಕ್ಕಿದ್ದು ಇಲ್ಲಿಯವರು ಸಾಂಗಟ ಎನ್ನುವ, ಬೆಕ್ಕಿನ ಮೀಸೆಯ ಮೀನು. ಅದಕ್ಕೆ ಬೆನ್ನಿನ ಮೇಲೆ ಒಂದು, ಎರಡೂ ಪಕ್ಕದಲ್ಲಿ ಒಂದೊಂದು ಗರಗಸದಂಥ ಮುಳ್ಳು, ಮುಳ್ಳಿನಲ್ಲಿ ವಿಷ. ಬಟ್ಟೆಯಿಂದ ಹಿಡಿದು ಇಕ್ಕಳದಿಂದಲೇ ಗಾಳ ಬಿಡಿಸಬೇಕೆಂದು ಎಲ್ಲರೂ ಹೇಳಿಯಾಗಿತ್ತು. ಕತ್ತಲಾಗುತ್ತಿದೆ ಎಂಬ ಅವಸರಕ್ಕೆ ಬರಿಗೈ ಹಾಕಿದೆ. ಬಲಗೈ ಹೆಬ್ಬೆರಳಿನ ಬುಡಕ್ಕೆ ಮುಳ್ಳು ಇಳಿಯಿತು. ಉರಿ ಮೊಣಕೈವರೆಗೆ ಏರಿ, ಕಣ್ಣು ಕತ್ತಲೆಗಟ್ಟಿ ಅಲ್ಲಿಯೇ ಕುಸಿದು ಕುಳಿತೆ.

ಯಾರೋ ಮಂಜುಗಡ್ಡೆ ತರಲು ಓಡಿದರು. ಅಜ್ಜ ಕೂಗಿ ನಿಲ್ಲಿಸಿದರು: "ತಂಪು ಬೇಡ, ಬಿಸಿನೀರು ತನ್ನಿ." ಬಿಸಿನೀರು ಎಲ್ಲಿಂದ ತರುವುದು? ಆಗ ಸೂರ್ಯಾಸ್ತ ನೋಡಲು ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದಿದ್ದ ಒಬ್ಬರು, ಗಾಳಕ್ಕೂ ಮೀನಿಗೂ ಸಂಬಂಧವಿಲ್ಲದವರು, ಚೀಲದಿಂದ ಫ್ಲಾಸ್ಕ್ ತೆಗೆದು ಆಮಿಷದ ಬಕೆಟ್ಟಿಗೆ ಪೂರ್ತಿ ಸುರಿದರು. ಅಜ್ಜ ತಣ್ಣೀರು ಬೆರೆಸಿ, ಮೊದಲು ನನ್ನ ಎಡಗೈ ಅದ್ದಿಸಿದರು. ನೋವಿರುವ ಕೈಗೆ ಬಿಸಿ ತಿಳಿಯುವುದಿಲ್ಲ, ಸುಟ್ಟುಕೊಂಡರೂ ಗೊತ್ತಾಗುವುದಿಲ್ಲ ಎಂದರು. ಆಮೇಲೆ ಚಹಾ ಅಂಗಡಿಯವರು ಒಲೆಯ ಮೇಲಿದ್ದ ಹಾಲನ್ನು ಇಳಿಸಿ ನೀರಿಟ್ಟರು. ಒಂದು ಗಂಟೆ ಆ ಬಕೆಟ್ಟು ತಣ್ಣಗಾಗಲು ಯಾರೂ ಬಿಡಲಿಲ್ಲ. ಉರಿ ನಿಧಾನವಾಗಿ ಇಳಿಯಿತು. ರಾತ್ರಿ ಆಸ್ಪತ್ರೆಯಲ್ಲಿ ಮುರಿದುಳಿದ ಮುಳ್ಳಿನ ಚೂರು ತೆಗೆದು ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟ ವೈದ್ಯರು, ಈ ವಿಷ ಪ್ರೋಟೀನಿನದು, ತಡೆಯುವಷ್ಟು ಬಿಸಿಗೆ, ಸುಮಾರು 45 ಡಿಗ್ರಿಗೆ, ಬಲ ಕಳೆದುಕೊಳ್ಳುತ್ತದೆ ಎಂದು ವಿವರಿಸಿದರು. ಅಜ್ಜನ ಬಳಿ ಉಷ್ಣಮಾಪಕ ಇರಲಿಲ್ಲ.

ಮರುದಿನ ರಾಡು, ಡಬ್ಬಿ, ಚಪ್ಪಲಿ ಎಲ್ಲವೂ ಶಾಲೆಗೆ ಬಂದವು. ರೀಲಿನ ಸಿಕ್ಕನ್ನೂ ಬಿಡಿಸಿ ಸುತ್ತಿದ್ದರು. ಜೊತೆಗೊಂದು ಊಟದ ಡಬ್ಬಿ: ಕೊಡೆಯವರ ಮನೆಯಾಕೆ ಅದೇ ಸಾಂಗಟಕ್ಕೆ ಜುಮ್ಮನಕಾಯಿ ಹಾಕಿ ಸಾರು ಮಾಡಿದ್ದರು. ಎಡಗೈಯಲ್ಲಿ ಉಂಡೆ, ಸೇಡು ತೀರಿಸಿಕೊಂಡಷ್ಟು ರುಚಿಯಾಗಿತ್ತು. ಮೂರು ವಾರ ಸೀಮೆಸುಣ್ಣ ಹಿಡಿಯಲಾಗಲಿಲ್ಲ, ಹಲಗೆಯ ಮೇಲೆ ಮಕ್ಕಳೇ ಬರೆದರು.

ಮತ್ತೆ ಧಕ್ಕೆಗೆ ಹೋದದ್ದು ಮಾಘದಲ್ಲಿ. ಕೈ ಇನ್ನೂ ನಡುಗುತ್ತಿತ್ತು. ಹುಡುಗ ಜೀವಂತ ಶೆಟ್ಲಿಯೊಂದನ್ನು ಚುಚ್ಚಿಕೊಟ್ಟು, ಕಂಬದ ಪಕ್ಕಕ್ಕೆ ಇಳಿಬಿಡಲು ಹೇಳಿದ. ಹತ್ತು ನಿಮಿಷದಲ್ಲಿ ರಾಡು ಬಿಲ್ಲಾಯಿತು. ನೀರು ಒಡೆದು ಮೇಲೆ ಹಾರಿ ತಲೆ ಕೊಡವಿದ್ದು ಚೋಣಕ. ನಾನು ಕಿರುಚಿದೆನೋ ಏನೋ. ಪಕ್ಕಕ್ಕೆ ನೋಡಿದರೆ, ಯಾರೂ ಹೇಳದೆಯೇ ಧಕ್ಕೆಯ ಅಷ್ಟೂ ಗಾಳಗಳು ನೀರಿನಿಂದ ಮೇಲೆದ್ದಿದ್ದವು. ನನ್ನ ತಂಗೂಸಿಗೆ ಯಾವುದೂ ತೊಡಕಾಗಬಾರದೆಂದು. ಉಬ್ಬರದ ನಡುವೆ, ಮೀನು ಕಚ್ಚುವ ಒಳ್ಳೆಯ ಹೊತ್ತಿನಲ್ಲಿ, ಅವರೆಲ್ಲ ಕೈಕಟ್ಟಿ ನಿಂತಿದ್ದರು. ಕೊಡೆಯವರು ಪಾಚಿಗಟ್ಟಿದ ಮೆಟ್ಟಿಲಿಳಿದು ಕೈಬಲೆ ಹಿಡಿದರು. ಮೇಲೆ ಬಂದಾಗ ನಾಲ್ಕು ಜನ ಒಟ್ಟಿಗೆ, "ಕಿವಿರಿಗೆ ಬೆರಳು ಹಾಕಬೇಡಿ, ಬ್ಲೇಡಿನಂತಿರುತ್ತದೆ" ಎಂದು ಬೈದರು. ಚಹಾ ಅಂಗಡಿಯ ತಕ್ಕಡಿಯಲ್ಲಿ ಮೂರು ಕಿಲೋಗೆ ಸ್ವಲ್ಪ ಕಡಿಮೆ ತೂಗಿತು. ಅಜ್ಜ ಬಂದು ನೋಡಿ, "ಸಣ್ಣದು" ಎಂದು ತಮ್ಮ ಕಂಬಕ್ಕೆ ಮರಳಿದರು.

ನನ್ನ ಸೀಸದ ಗುಂಡು, ಗಾಳಗಳ ಡಬ್ಬಿಯನ್ನು ಚಹಾ ಅಂಗಡಿಯ ಬೆಂಚಿನ ಕೆಳಗೆ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಳ್ಳಿ. ಎರಡನೆಯ ಕಂಬದ ಬುಡದಲ್ಲಿ ಬಂಡೆಯಿದೆ, ಅಲ್ಲಿ ನನ್ನ ಹನ್ನೊಂದು ಗಾಳಗಳು ಈಗಾಗಲೇ ಇವೆ. ರಾಡು ಶಿರಸಿಗೆ ಬರುತ್ತದೆ; ದೇವಿಮನೆ ಘಟ್ಟ ಇಳಿದು ಆಗಾಗ ಬರುತ್ತೇನೆ, ಜಾಗ ಇಟ್ಟಿರಿ.

ಫ್ಲಾಸ್ಕಿನವರು ಆ ಗಲಾಟೆಯಲ್ಲಿ ಯಾವಾಗ ಹೊರಟರೋ ಗೊತ್ತಾಗಲಿಲ್ಲ. ಅದು ಸ್ಟೀಲಿನದು, ಒಂದು ಲೀಟರಿನದು, ಮುಚ್ಚಳ ಮಾತ್ರ ಬೇರಾವುದರದೋ ಕೆಂಪು ಬಣ್ಣದ್ದು. ತೊಳೆದು ಅದೇ ಅಂಗಡಿಯಲ್ಲಿ ಕೊಟ್ಟುಹೋಗುತ್ತೇನೆ. ಅಮ್ಮನಿಗೆ ಆ ಸಂಜೆ ಬಿಸಿನೀರು ಸಿಗದೇ ಹೋದದ್ದಕ್ಕೆ ಕ್ಷಮೆ ಇರಲಿ. ಮುಚ್ಚಳ ಸ್ವಲ್ಪ ಸೋರುತ್ತದೆ. ಅದು ಮೊದಲಿನಿಂದಲೂ ಹಾಗೆಯೇ ಇತ್ತು ಎಂದು ಚಹಾ ಅಂಗಡಿಯವರು ಸಾಕ್ಷಿ ಹೇಳುತ್ತಾರೆ.