ಖಾಸಗಿ ಜಾಲದ ವಿಳಾಸ ಹಂಚಿಕೆಗೂ ಯೋಜನೆ ಬೇಕು

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯ ಸಹಕಾರ ಸಂಘಗಳು, ಶಾಲೆಗಳು, ನರ್ಸಿಂಗ್ ಹೋಮ್‌ಗಳು ತಮ್ಮ ಶಾಖೆಗಳ ಕಂಪ್ಯೂಟರುಗಳನ್ನು ವಿಪಿಎನ್ (ಅಂತರ್ಜಾಲದ ಮೇಲೆ ರಚಿಸುವ ಖಾಸಗಿ ಸಂಪರ್ಕ) ಮೂಲಕ ಬೆಸೆಯುತ್ತಿರುವುದು ಸ್ವಾಗತಾರ್ಹ. ಆದರೆ ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಗಳಾದ ಐಪಿ ವಿಳಾಸಗಳನ್ನು ಯೋಚಿಸಿ ಆರಿಸದೆ, ರೂಟರ್ ತಯಾರಕರು ಇಟ್ಟದ್ದನ್ನೇ ಉಳಿಸಿಕೊಳ್ಳುವ ರೂಢಿ ಕಳವಳಕಾರಿ.

ನಾನು ಕಂಡ ಒಂದು ಸಂಸ್ಥೆಯಲ್ಲಿ ಹಾಸನದ ಕಚೇರಿಗೂ ಸಕಲೇಶಪುರದ ಶಾಖೆಗೂ 192.168.1.0/24 ಎಂಬ ಒಂದೇ ಸಬ್‌ನೆಟ್ (ಜಾಲದ ಉಪಭಾಗ; ಓರೆಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ವಿಳಾಸಗಳ ಗುಂಪು ದೊಡ್ಡದು) ಇತ್ತು. ಸಕಲೇಶಪುರದ ಗುಮಾಸ್ತರು ಹಾಸನದ ಸರ್ವರ್ ಇದ್ದ 192.168.1.10ಕ್ಕೆ ಕಳಿಸಿದ ಕೋರಿಕೆ, ಆ ವಿಳಾಸ ಸ್ಥಳೀಯ ಜಾಲದ್ದೇ ಎಂದಾಗುತ್ತಿದ್ದುದರಿಂದ ವಿಪಿಎನ್ ದಾಟದೆ, ಅದೇ ವಿಳಾಸ ಪಡೆದಿದ್ದ ಪಕ್ಕದ ಮೇಜಿನ ಪ್ರಿಂಟರಿಗೆ ಹೋಗಿ ನಿಲ್ಲುತ್ತಿತ್ತು.

1996ರ ಆರ್‌ಎಫ್‌ಸಿ 1918 ಎಂಬ ಅಂತರ್ಜಾಲದ ತಾಂತ್ರಿಕ ದಾಖಲೆ ಖಾಸಗಿ ಬಳಕೆಗೆ 10.0.0.0/8, 172.16.0.0/12, 192.168.0.0/16 ಎಂಬ ಮೂರು ಶ್ರೇಣಿಗಳನ್ನು ಮೀಸಲಿಟ್ಟಿದೆ. ಮೊದಲನೆಯದರಲ್ಲೇ 1.67 ಕೋಟಿಗೂ ಹೆಚ್ಚು ವಿಳಾಸಗಳಿವೆ. ಮುಂದೆ ಬೇರೆ ಜಾಲದೊಡನೆ ಸೇರುವಾಗ ಘರ್ಷಣೆ ತಪ್ಪಲೆಂದು, ಇವುಗಳಿಂದ ಯಾದೃಚ್ಛಿಕವಾಗಿ ಒಂದು ಭಾಗವನ್ನು ಆರಿಸಿಕೊಳ್ಳಬೇಕೆಂದು ಆ ದಾಖಲೆಯೇ ಬಲವಾಗಿ ಶಿಫಾರಸು ಮಾಡುತ್ತದೆ.

ಉದಾಹರಣೆಗೆ 10.73.0.0/16 ಆರಿಸಿದ ಸಂಸ್ಥೆಯು ಸಕಲೇಶಪುರಕ್ಕೆ 10.73.16.0/20, ಅರಸೀಕೆರೆಗೆ 10.73.32.0/20 ಎಂದು ಹಂಚಿದರೆ, ಪ್ರತಿ ತಾಲ್ಲೂಕಿಗೂ ತಲಾ 254 ಸಾಧನಗಳ 16 ಸಬ್‌ನೆಟ್‌ಗಳು ದೊರೆಯುತ್ತವೆ. ಮುಖ್ಯ ಕಚೇರಿಯ ರೂಟರಿನಲ್ಲಿ ತಾಲ್ಲೂಕಿಗೆ ಒಂದೇ ಮಾರ್ಗ ನಮೂದಿಸಿದರೆ ಸಾಕು. ಸಿಸಿಟಿವಿ ಕ್ಯಾಮೆರಾಗಳನ್ನೂ ಲೆಕ್ಕಪತ್ರದ ಯಂತ್ರಗಳನ್ನೂ ಬೇರೆ ಬೇರೆ ಸಬ್‌ನೆಟ್‌ನಲ್ಲಿಟ್ಟು, ನಡುವೆ ಫೈರ್‌ವಾಲ್ (ಅನಗತ್ಯ ಸಂಪರ್ಕ ತಡೆಯುವ ವ್ಯವಸ್ಥೆ) ನಿಯಮ ವಿಧಿಸಲೂ ಆಗ ಸುಲಭ.

ಜಾಲ ಅಳವಡಿಕೆಯ ಟೆಂಡರು ಕರೆಯುವ ಸಂಸ್ಥೆಗಳು ಲಿಖಿತ ವಿಳಾಸ ಯೋಜನೆಯನ್ನು ಕಡ್ಡಾಯ ಷರತ್ತಾಗಿಸಬೇಕೆಂದು ವಿನಂತಿಸುತ್ತೇನೆ.

– ನೆಟ್‌ವರ್ಕ್ ತಂತ್ರಜ್ಞ, ಹಾಸನ