ಕಡ್ಡಿ ಕಟ್ಟಿಸಿ ಎಣಿಸಿ, ಬರೆಸುವುದು ಆಮೇಲೆ

ಸಂಪಾದಕರೇ,

ದಸರಾ ರಜೆಯಿರಲಿ, ಬೇಸಿಗೆ ರಜೆಯಿರಲಿ, ನಮ್ಮ ಚಿಕ್ಕಮಗಳೂರು, ಹಾಸನದ ಎಷ್ಟೋ ಮನೆಗಳಲ್ಲಿ ನಾಲ್ಕು ವರ್ಷದ ಮಕ್ಕಳು 1ರಿಂದ 100 ಬರೆಯುತ್ತ ಕೂತಿರುತ್ತವೆ. ಎಲ್‌ಕೆಜಿಯ ಹೋಂವರ್ಕ್ ಅದು. ಆದರೆ ಪುಟ್ಟ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯಲ್ಲಿ ಬಾಲವಾಟಿಕೆಗೆ, ಅಂದರೆ ಒಂದನೇ ತರಗತಿಗೆ ಮುಂಚಿನ ವರ್ಷಕ್ಕೆ, ಇಟ್ಟಿರುವ ಗುರಿ 10ರವರೆಗಿನ ಅಂಕಿ ಗುರುತಿಸಿ ಓದುವುದಷ್ಟೇ. 99ರವರೆಗೆ ಓದಿ ಬರೆಯುವುದು ಒಂದನೇ ತರಗತಿಯ ಗುರಿ. ಹಾಗೆಂದು ಪುಟ್ಟ ಮಕ್ಕಳಿಗೆ ದೊಡ್ಡ ಸಂಖ್ಯೆ ಬೇಡವೆಂದಲ್ಲ. ಅವಕ್ಕೆ ದೊಡ್ಡ ಸಂಖ್ಯೆ ಎಂದರೆ ಬಲು ಖುಷಿ. ಪೆನ್ಸಿಲ್ ಬದಿಗಿಟ್ಟು ಹೇಳಿಕೊಟ್ಟರೆ ಬೇಗ ಹತ್ತುತ್ತದೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹದಿನೈದು ನೀರಿನ ಬಾಟಲಿ ಮುಚ್ಚಳ ನೆಲದ ಮೇಲೆ ಹರಡಿ, ‘ನಂಗೆ ಏಳು ಕೊಡು ಪುಟ್ಟಾ’ ಅನ್ನಿ. ಇಪ್ಪತ್ತರವರೆಗೆ ಗಡಗಡ ಒಪ್ಪಿಸುವ ಎಷ್ಟೋ ಮಕ್ಕಳು ಇಲ್ಲಿ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತವೆ. ಇನ್ನು ಕೆಲವು ಸರಿಯಾಗಿಯೇ ಎಣಿಸಿ, ‘ಒಟ್ಟು ಎಷ್ಟಾಯ್ತು?’ ಎಂದು ಕೇಳಿದರೆ ಮತ್ತೆ ಒಂದರಿಂದ ಶುರು ಮಾಡುತ್ತವೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಲೆಕ್ಕ ಎಂಬುದು ಇನ್ನೂ ಮನಸ್ಸಿಗೆ ಹೋಗಿಲ್ಲ ಎಂದರ್ಥ. ಅಂಥ ಮಗುವನ್ನು ಹತ್ತು ದಾಟಿಸುವ ಅವಸರ ಬೇಡ. ಎಣಿಸಿ ಮುಗಿದ ಮೇಲೆ ಅಷ್ಟರ ಸುತ್ತಲೂ ಕೈಯಾಡಿಸಿ ‘ಒಟ್ಟು ಏಳು’ ಎಂದು ನೀವೇ ಹೇಳುತ್ತ ಬನ್ನಿ.

ಬೆರಳೊಂದು ಕಡೆ, ನಾಲಿಗೆಯೊಂದು ಕಡೆ ಓಡುವುದು ಮುಂದಿನ ತೊಡಕು. ‘ಹ-ದಿ-ಮೂ-ರು’ ಎನ್ನುತ್ತ ಅಕ್ಷರಕ್ಕೊಂದು ಮುಚ್ಚಳ ಮುಟ್ಟಿಕೊಂಡು ಹೋಗುವ ಮಕ್ಕಳಿವೆ. ಹೆಸರು ಉದ್ದವಾದಷ್ಟೂ ಈ ತಪ್ಪು ಜಾಸ್ತಿ. ಮುಟ್ಟಿಸುವ ಬದಲು ಎತ್ತಿ ಹಾಕಿಸಿ: ಎಡಗಡೆ ಬಟ್ಟಲಿನಿಂದ ಬಲಗಡೆ ಬಟ್ಟಲಿಗೆ, ಬಿದ್ದ ಸದ್ದಿಗೊಂದು ಹೆಸರು. ಹುಣಸೆ ಬೀಜ, ಕಾಫಿ ಬೀಜ, ಕಾಳುಗಳನ್ನು ಮಾತ್ರ ಇಷ್ಟು ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತವೆ, ಗಂಟಲಿಗೂ ಸಿಕ್ಕಿಕೊಳ್ಳಬಹುದು. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಮುಚ್ಚಳವನ್ನೂ ಆಟ ಮುಗಿದೊಡನೆ ಎತ್ತಿಡಿ.

ಹನ್ನೊಂದರಿಂದ ಇಪ್ಪತ್ತಕ್ಕೆ ಸೀಮೆಸುಣ್ಣ ಸಾಕು. ನೆಲದ ಮೇಲೆ ಸಾಲಿಗೆ ಐದರಂತೆ ಎರಡು ಸಾಲು ಮನೆ ಬರೆಯಿರಿ. ಮನೆಗೊಂದು ಮುಚ್ಚಳ. ಹತ್ತೂ ತುಂಬಿದ ಮೇಲೆ ಉಳಿದದ್ದು ಹೊರಗೆ. ‘ಹತ್ತು ತುಂಬ್ತು, ಮೇಲೆ ಮೂರು, ಹದಿಮೂರು.’ ಕನ್ನಡದಲ್ಲಿ ಹತ್ತು ಮುಂದೆ, ಬಿಡಿ ಹಿಂದೆ. ಕಣ್ಣಿಗೆ ಕಂಡದ್ದೇ ಬಾಯಿಗೆ ಬರುತ್ತದೆ. ಹದಿನೆಂಟಾದ ಮೇಲೆ ‘ಹದಿನೊಂಬತ್ತು’ ಅಂದರೆ ಗದರಬೇಡಿ. ಹಿಂದಿನ ಆರು ಹೆಸರೂ ‘ಹದಿ’ಯಿಂದಲೇ ಶುರುವಾದದ್ದನ್ನು ಮಗು ಗಮನಿಸಿದೆ! ‘ಹತ್ತೊಂಬತ್ತು’ ಎಂದು ನೀವು ಸರಿಯಾಗಿ ಹೇಳಿ ಮುಂದೆ ಹೋದರೆ ಸಾಕು.

ಇಪ್ಪತ್ತರ ಮೇಲೆ ಹೆಸರು ಕಟ್ಟುವುದು ಸುಲಭ. ಕಷ್ಟ ಬರುವುದು ಒಂಬತ್ತರ ಹೊಸ್ತಿಲಲ್ಲಿ. ಇಪ್ಪತ್ತೊಂಬತ್ತಾದ ಮೇಲೆ ಮಗು ‘ಇಪ್ಪತ್ತಹತ್ತು’ ಅನ್ನುತ್ತದೆ, ಇಲ್ಲವೇ ಸುಮ್ಮನಾಗುತ್ತದೆ, ಅಥವಾ ಗಿರಕಿ ಹೊಡೆದು ಮತ್ತೆ ಇಪ್ಪತ್ತಕ್ಕೇ ಬಂದು ನಿಲ್ಲುತ್ತದೆ. ಆಗ ಒಂದರಿಂದ ಪುನಃ ಹೇಳಿಸುವುದು ದಂಡ. ಹೊಸ್ತಿಲು ತಲುಪುವಷ್ಟರಲ್ಲಿ ಮಗು ಸುಸ್ತಾಗಿರುತ್ತದೆ. ಇಪ್ಪತ್ತೇಳರಿಂದ ಶುರು ಮಾಡಿ ಮೂವತ್ತೆರಡಕ್ಕೆ ನಿಲ್ಲಿಸಿ. ನಾಳೆ ಮೂವತ್ತೇಳರಿಂದ ನಲವತ್ತೆರಡು.

ಇದಕ್ಕೆ ತೆಂಗಿನಗರಿ ಕಡ್ಡಿಯಷ್ಟು ಒಳ್ಳೆಯ ಸಾಮಾನು ಬೇರಿಲ್ಲ. ಪೊರಕೆಯ ಕಡ್ಡಿಗಳನ್ನು ತೊಳೆದು ಒಣಗಿಸಿ ನಾಲ್ಕಿಂಚಿನ ತುಂಡು ಮಾಡಿ, ಚೂಪು ತುದಿ ಕತ್ತರಿಸಿ ಬಿಸಾಡಿ. ನೂರು ತುಂಡು, ಹತ್ತು ರಬ್ಬರ್ ಬ್ಯಾಂಡ್ ಬೇಕು. ಹತ್ತು ಕಡ್ಡಿಗೊಂದರಂತೆ ಕಟ್ಟಿದ ಎರಡು ಕಟ್ಟು, ಒಂಬತ್ತು ಬಿಡಿ ಕಡ್ಡಿ ಮುಂದಿಟ್ಟು, ಇನ್ನೊಂದು ಕಡ್ಡಿಯನ್ನು ಮಗುವಿನ ಕೈಯಲ್ಲೇ ಸೇರಿಸಿ. ಬಿಡಿ ಕಡ್ಡಿ ಹತ್ತಾಯಿತು, ಅದೂ ಕಟ್ಟಾಗಬೇಕು. ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕುವುದು ಪುಟ್ಟ ಬೆರಳಿಗೆ ಕಷ್ಟ, ಕಡ್ಡಿಗಳನ್ನು ನೀವು ಹಿಡಿದುಕೊಳ್ಳಿ. ಕಟ್ಟುವುದು ಮಾತ್ರ ಮಗುವೇ. ಈಗ ಮೂರು ಕಟ್ಟು, ಮೂವತ್ತು. ‘ಇಪ್ಪತ್ತಹತ್ತು’ ಯಾಕೆ ಇಲ್ಲವೆಂದು ಬಾಯಲ್ಲಿ ವಿವರಿಸಬೇಕಾಗಿಯೇ ಇಲ್ಲ. ಎಪ್ಪತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ಥರ ಕೇಳುವುದರಿಂದ ಅದಲುಬದಲಾಗುತ್ತವೆ. ಕಟ್ಟು ತೋರಿಸುತ್ತ ‘ಏಳು ಕಟ್ಟು ಎಪ್ಪತ್ತು, ಎಂಟು ಕಟ್ಟು ಎಂಬತ್ತು, ಒಂಬತ್ತು ಕಟ್ಟು ತೊಂಬತ್ತು’ ಎಂದು ಜೋಡಿಯಾಗಿ ಹೇಳಿಸಿ. ದಿನಕ್ಕೆ ಐದು ನಿಮಿಷ, ಹೆಚ್ಚೆಂದರೆ ಹತ್ತು.

ಇಂಗ್ಲಿಷ್ ಮೀಡಿಯಂ ಶಾಲೆಯಾದರೂ ಮನೆಮಾತಿನಲ್ಲೇ ಶುರು ಮಾಡಿ. ಫೋರ್ಟೀನ್ ಎನ್ನುವಾಗ ನಾಲ್ಕು ಮೊದಲು ಕೇಳಿಸುವುದರಿಂದ 14ರ ಬದಲು 41 ಬರೆಯುವ ಮಕ್ಕಳಿವೆ. ಥರ್ಟೀನ್–ಥರ್ಟಿ, ಫಿಫ್ಟೀನ್–ಫಿಫ್ಟಿ ಗೊಂದಲ ಬೇರೆ. ಕಟ್ಟಿನ ಲೆಕ್ಕ ಗಟ್ಟಿಯಾದ ಮಗುವಿಗೆ ಅಲ್ಲಿ ಕಲಿಯಲು ಉಳಿಯುವುದು ಹೆಸರಷ್ಟೇ. ತೋಟದ ಲೈನ್ ಮನೆಗಳಲ್ಲಿ ತಮಿಳು, ತುಳು ಆಡುವವರಿಗೂ ನಮ್ಮಂತೆಯೇ ಹತ್ತು ಮುಂದೆ ಬರುತ್ತದೆ. ಉರ್ದುವಿನಲ್ಲಿ ನೂರರವರೆಗೂ ಹೆಚ್ಚುಕಡಿಮೆ ಒಂದೊಂದು ಹೆಸರನ್ನೂ ಬಿಡಿಬಿಡಿಯಾಗಿ ಕಲಿಯಬೇಕು. ಆ ಮನೆಗಳಲ್ಲಿ ಕಡ್ಡಿಕಟ್ಟು ಇನ್ನೂ ಹೆಚ್ಚು ದಿನ ಕೈಯಲ್ಲಿರಲಿ.

ರಜೆಯಲ್ಲಿ ಬೇಲೂರು, ಹಳೇಬೀಡಿಗೆ ಹೋದರೆ ಗೋಡೆಯ ತಳದ ಆನೆ ಸಾಲು ಎಣಿಸಿ. ಮಗು ಎಣಿಸಲಿ, ಹತ್ತಾದಾಗೊಮ್ಮೆ ಅಪ್ಪನೋ ಅಮ್ಮನೋ ಒಂದು ಬೆರಳು ಮಡಚಲಿ. ಮೂಲೆ ತಿರುಗುವಾಗ ಲೆಕ್ಕ ತಪ್ಪುವುದು ಸಹಜ. ಅಲ್ಲೇ ನಿಂತು ಬೆರಳು ನೋಡಿ, ಕಳೆದ ಹತ್ತರಿಂದ ಮುಂದುವರಿಸಿದರಾಯಿತು.

ನಮ್ಮೆರಡು ಜಿಲ್ಲೆಗಳ ಶಾಲೆಗಳ ಆಡಳಿತದವರಲ್ಲಿ ನಮ್ಮದೊಂದು ಬೇಡಿಕೆ. ಮುಂದಿನ ರಜೆಗೆ ಎಲ್‌ಕೆಜಿ, ಯುಕೆಜಿ ಮಕ್ಕಳ ಕೈಗೆ 1ರಿಂದ 100 ಬರೆಯುವ ಪುಸ್ತಕ ಕೊಡುವ ಬದಲು, ನೂರು ಕಡ್ಡಿ, ಹತ್ತು ರಬ್ಬರ್ ಬ್ಯಾಂಡಿನ ಚೀಲ ಕೊಟ್ಟು ಕಳಿಸಿ. ರಜೆಗೆ ಮುಂಚಿನ ಪೋಷಕರ ಸಭೆಯಲ್ಲಿ ಇಪ್ಪತ್ತೊಂಬತ್ತರಿಂದ ಮೂವತ್ತಕ್ಕೆ ದಾಟಿಸುವುದನ್ನು ಒಮ್ಮೆ ಮಾಡಿ ತೋರಿಸಿ.

– ಶಿಶುವಿಹಾರದ ಶಿಕ್ಷಕಿಯರು, ಚಿಕ್ಕಮಗಳೂರು